ಡ್ರಮ್ಸ್ ಹಿಂದಿನಿಂದ ಕನ್ಸೋಲ್ ಮುಂದಕ್ಕೆ

ಇಪ್ಪತ್ತು ವರ್ಷ ಬೆಂಗಳೂರಿನ ರಾಕ್ ಬ್ಯಾಂಡ್‌ಗಳಲ್ಲಿ ಡ್ರಮ್ಸ್ ನುಡಿಸಿದೆ. ಈಗ ಬೇರೆಯವರ ಹಾಡುಗಳನ್ನು ರೆಕಾರ್ಡ್ ಮಾಡಿಸುತ್ತೇನೆ, ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಕೊಡುತ್ತೇನೆ. ಇದೇ ದಾರಿ ಹಿಡಿಯಬೇಕೆಂದಿರುವ ಡ್ರಮ್ಮರ್‌ಗಳಿಗಾಗಿ ಈ ನಾಲ್ಕು ಮಾತು.

1. ಮೊದಲು ಶ್ರುತಿ, ಆಮೇಲೆ ಮೈಕ್. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಸ್ನೇರ್ ಪ್ರತಿ ಪೆಟ್ಟಿಗೂ ಗುಂಯ್ ಎನ್ನುತ್ತಿತ್ತು. ಮಿಕ್ಸಿಂಗ್‌ನಲ್ಲಿ ಸರಿಹೋಗುತ್ತದೆ ಎಂದರು, ನಂಬಿದೆ. ಅದು ಹಾಡಿನಲ್ಲಿ ಹಾಗೇ ಉಳಿಯಿತು. ಈಗ ಪ್ರತಿ ಬೋಲ್ಟ್ ಪಕ್ಕದಲ್ಲೂ ಸ್ಟಿಕ್ ತುದಿಯಿಂದ ಮೆಲ್ಲಗೆ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರುವವರೆಗೆ ಕೀ ತಿರುಗಿಸುತ್ತೇನೆ. ಕಛೇರಿಗೆ ಮುಂಚೆ ಮೃದಂಗದ ಅಂಚನ್ನು ಕಲ್ಲಿನಿಂದ ತಟ್ಟಿ ಶ್ರುತಿಗೆ ತರುವ ವಿದ್ವಾಂಸರನ್ನು ನೋಡಿ. ಅಷ್ಟೇ ತಾಳ್ಮೆ ಇಲ್ಲೂ ಬೇಕು.

2. ನುಡಿಸದೆ ಬಿಡುವುದನ್ನು ಕಲಿಯಿರಿ. 1980ರಲ್ಲಿ ಬಂದ ತಮ್ಮ ಮೂರನೆಯ ಆಲ್ಬಂಗೆ ಸಿಂಬಲ್ಲೇ ಬೇಡ ಎಂದರು ಗಾಯಕ ಪೀಟರ್ ಗೇಬ್ರಿಯಲ್. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಡ್ರಮ್ಮರ್ ಫಿಲ್ ಕಾಲಿನ್ಸ್ ನುಡಿಸುತ್ತಿದ್ದಾಗ, ವಾದಕರ ಮಾತು ಕೇಳಿಸಿಕೊಳ್ಳಲೆಂದಿದ್ದ ಮೈಕ್ ಆನ್ ಆಗಿತ್ತು. ಅದರ ಕಂಪ್ರೆಸರ್ ಡ್ರಮ್ಸ್ ದನಿಯನ್ನು ಬೆಟ್ಟದಷ್ಟು ಮಾಡಿತು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಗೇಟ್ (ದನಿ ಒಂದು ಮಟ್ಟಕ್ಕಿಂತ ಇಳಿದಾಗ ಮುಚ್ಚಿಕೊಳ್ಳುವ ಸಾಧನ) ಹಾಕಿ ಆ ಮೊಳಗನ್ನು ತಟ್ಟನೆ ಕಡಿದರು. ಸಿಂಬಲ್ ಇದ್ದಿದ್ದರೆ ಅದರ ಝೇಂಕಾರ ಗೇಟನ್ನು ಮುಚ್ಚಲು ಬಿಡುತ್ತಿರಲಿಲ್ಲ. ಮರುವರ್ಷ ‘ಇನ್ ದಿ ಏರ್ ಟುನೈಟ್’ನಲ್ಲಿ ಕಾಲಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಲ್ಬಂನಲ್ಲಿರುವ ಹಾಡು ಕೇಳಿ: ಮೂರೂವರೆ ನಿಮಿಷ ದಾಟುವವರೆಗೂ ಬರೀ ಡ್ರಮ್ ಮಷೀನ್. ಆಮೇಲೆ ಬರುವ ಆ ಪೆಟ್ಟುಗಳಿಗೆ ಎದೆ ಝಲ್ಲೆನ್ನುವುದು ಅಷ್ಟು ಹೊತ್ತು ಕಾಯಿಸಿದ್ದರಿಂದಲೇ.

3. ಹಾಡುವವರ ಮನಸ್ಸು ಹಿಡಿಯಿರಿ. ನಿರ್ವಾಣ ತಂಡದ ‘ನೆವರ್‌ಮೈಂಡ್’ (1991) ಮಾಡಿಸಿದ ಬುಚ್ ವಿಗ್ ಮೂಲತಃ ಡ್ರಮ್ಮರ್. ಒಂದರ ಮೇಲೊಂದು ದನಿ ಕೂರಿಸಲು ತಂಡದ ಗಾಯಕ ಕರ್ಟ್ ಕೋಬೇನ್‌ಗೆ ಇಷ್ಟವಿರಲಿಲ್ಲ. ಜಾನ್ ಲೆನನ್ ಕೂಡ ಹೀಗೆ ಮಾಡುತ್ತಿದ್ದರು ಎಂದು ಹೇಳಿ ವಿಗ್ ಒಪ್ಪಿಸಿದರು. ತಂತ್ರಜ್ಞಾನದ ಪಾಠ ಹೇಳಿದ್ದರೆ ಕೆಲಸ ಆಗುತ್ತಿರಲಿಲ್ಲ ಅನಿಸುತ್ತದೆ.

4. ಸ್ವರಜ್ಞಾನ ಸಾಲದು ಎಂದು ಹಿಂಜರಿಯಬೇಡಿ, ಲಯದಿಂದಲೇ ಶುರುಮಾಡಿ. ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್, ನಿರ್ದೇಶಕ ಕೊಪೋಲಾ ಅವರ ‘ರಂಬಲ್ ಫಿಶ್’ (1983) ಚಿತ್ರದ ಸಂಗೀತವನ್ನು ಲಯದ ಮೇಲೇ ಕಟ್ಟಿದರು. ಮುಂದೆ ಅವರು ಒಪೆರಾಗಳನ್ನೂ ಬರೆದರು. ನಾನೂ ದೃಶ್ಯ ಕೈಗೆ ಬಂದ ಕೂಡಲೇ ನಟರ ನಡಿಗೆಯ ವೇಗಕ್ಕೆ ತೊಡೆ ತಟ್ಟುತ್ತೇನೆ. ಎಷ್ಟೋ ಸಲ ಅಲ್ಲೇ ಹಾಡಿನ ಟೆಂಪೋ ಸಿಗುತ್ತದೆ.

ಕೊನೆಗೊಂದು ವಿನಂತಿ. ಹೈಹ್ಯಾಟ್ ಇದ್ದ ಕಡೆಯ ನನ್ನ ಎಡಗಿವಿಯಲ್ಲಿ ಈಗ ಹಗಲೂ ರಾತ್ರಿ ಸಣ್ಣ ಸಿಳ್ಳು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಯವಿಟ್ಟು ಇವತ್ತಿನ ಅಭ್ಯಾಸಕ್ಕೇ ಇಯರ್‌ಪ್ಲಗ್ ಹಾಕಿಕೊಂಡು ಕೂರಿ.