ಗೂಡಿನ ದರವೂ ಗೇಮ್ ಥಿಯರಿಯೂ



ನಮ್ಮಲ್ಲಿ ಕೆಲವರ ಮನೆಯಲ್ಲಿ ಹಿಪ್ಪುನೇರಳೆ ತೋಟವಿದೆ, ಕೆಲವರ ಮನೆಯಲ್ಲಿ ರೀಲಿಂಗ್ ಘಟಕವಿದೆ. ರೇಷ್ಮೆ ಗೂಡಿನ ದರ ಬಿದ್ದರೆ ಒಂದು ಮನೆಗೆ ಚಿಂತೆ, ಏರಿದರೆ ಇನ್ನೊಂದು ಮನೆಗೆ. ಆದ್ದರಿಂದ ಚೌಕಾಸಿಯ ಈ ಪಾಠವನ್ನು ಗೂಡಿನಿಂದಲೇ ಕಲಿಯೋಣ.

ಕೈಲಾಂಚದ ರೈತರೊಬ್ಬರು ಕಿಲೋಗೆ ₹500ಕ್ಕಿಂತ ಕಡಿಮೆಗೆ ಕೊಡಲಾರರು, ರೀಲರ್ ₹600ಕ್ಕಿಂತ ಹೆಚ್ಚು ಕೊಡಲಾರರು ಎಂದುಕೊಳ್ಳಿ (ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು). ನಡುವಿನ ₹100 ಯಾರಿಗೆ ಎಷ್ಟು? ಇಬ್ಬರಿಗೂ ಬೇರೆ ದಾರಿ ಇಲ್ಲದಿದ್ದರೆ, 1950ರಲ್ಲಿ ಜಾನ್ ನ್ಯಾಶ್ ಮಂಡಿಸಿದ ಪರಿಹಾರದಂತೆ ಸಮಪಾಲು. ದರ ₹550.

ಈಗ ಇಬ್ಬರು ರೈತರು, ಇಬ್ಬರು ರೀಲರ್‌ಗಳನ್ನು ಸಾಲಾಗಿ ಬರೆದು, ಪರಿಚಯ ಇರುವವರ ನಡುವೆ ಗೆರೆ ಎಳೆಯಿರಿ:

ರೈತ 1 — ರೀಲರ್ 1 — ರೈತ 2 — ರೀಲರ್ 2

ಪ್ರತಿಯೊಬ್ಬರದೂ ಒಂದೇ ಲಾಟಿನ ವ್ಯವಹಾರ. ರೈತ 1ಕ್ಕೆ ಒಬ್ಬರೇ ಗಿರಾಕಿ. ರೀಲರ್ 1 ಮಾತ್ರ ರೈತ 2ರ ಬಳಿಗೂ ಹೋಗಬಲ್ಲರು. ಅಲ್ಲಿ ರೈತ 2ಕ್ಕೆ ಈಗ ಸಿಗುತ್ತಿರುವ ₹67 ಪಾಲನ್ನು ಕೊಟ್ಟರೂ ಅವರಿಗೆ ₹33 ಉಳಿಯುತ್ತದೆ. ಈ ₹33 ಅವರ ಪರ್ಯಾಯದ ಬಲ. ಅದನ್ನು ಕಳೆದು ಉಳಿದ ₹67 ಅನ್ನು ರೈತ 1ರ ಜೊತೆ ಅರ್ಧರ್ಧ ಮಾಡಿದರೆ ರೀಲರ್ 1ಕ್ಕೆ ಸುಮಾರು ₹67, ರೈತ 1ಕ್ಕೆ ₹33. ಇನ್ನೊಂದು ತುದಿಯಲ್ಲಿ ಇದೇ ಲೆಕ್ಕ ತಿರುಗುಮುರುಗು. ಕೊನೆಗೆ ರೈತ 1ಕ್ಕೆ ಸಿಗುವ ದರ ₹533, ರೈತ 2ಕ್ಕೆ ₹567. ಗೂಡಿನ ಗುಣಮಟ್ಟ ಒಂದೇ, ಶ್ರಮವೂ ಒಂದೇ. ಬೇರೆಯಾಗಿದ್ದು ನಿಂತ ಜಾಗ ಮಾತ್ರ.

‘ನಾಳೆ ಮಾರುತ್ತೇನೆ’ ಎಂದು ರೈತರು ಹೆಚ್ಚು ದಿನ ಕಾಯುವಂತೆಯೂ ಇಲ್ಲ. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ಕಡಿದು, ಗೂಡು ರೀಲಿಂಗಿಗೆ ಬಾರದು.

ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯ ಮಹತ್ವ ಇಲ್ಲಿದೆ. ಹರಾಜಿನಲ್ಲಿ ಒಂದು ಲಾಟಿಗೆ ಅನೇಕ ರೀಲರ್‌ಗಳು ಬಿಡ್ ಮಾಡುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ರೈತರು ಬೇಡವೆನ್ನಬಹುದು. ಅಂದರೆ ಮಾರುಕಟ್ಟೆ ಪ್ರತಿಯೊಬ್ಬ ರೈತನಿಗೂ ಹೊಸ ಗೆರೆಗಳನ್ನು ಎಳೆದುಕೊಡುತ್ತದೆ. ರೀಲರ್‌ಗಳಿಗೂ ಹಲವು ಊರಿನ ಗೂಡು ಒಂದೇ ಕಡೆ ಸಿಗುತ್ತದೆ.

ಆದರೆ ನಡುವೆ ನಿಂತವರೆಲ್ಲ ಬಲಶಾಲಿಗಳಲ್ಲ. ಕ್ಯಾರೆನ್ ಕುಕ್, ರಿಚರ್ಡ್ ಎಮರ್ಸನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಎಷ್ಟು ಜನ ಗೊತ್ತು ಎಂಬುದಕ್ಕಿಂತ, ನಮ್ಮನ್ನು ಬಿಟ್ಟರೆ ಅವರಿಗೆ ಬೇರೆ ಯಾರಿದ್ದಾರೆ ಎಂಬುದೇ ಮುಖ್ಯ.

ಅಭ್ಯಾಸ: ರೈತ 1 ಮತ್ತು ರೀಲರ್ 2ರ ನಡುವೆ ಇನ್ನೊಂದು ಗೆರೆ ಎಳೆಯಿರಿ. ಇಬ್ಬರು ರೈತರ ದರವೂ ಈಗ ಒಂದೇ ಆಗಬೇಕು. ಏಕೆ? ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ, ಮನೆಯಲ್ಲಿಯೂ ಕೇಳಿ ನೋಡಿ.