ಅವಲಂಬನೆಯನ್ನು ಹೊರಗಿನಿಂದ ಒದಗಿಸುವುದು: ವೆಬ್ ಸರ್ವೀಸುಗಳ ಘಟಕ ಪರೀಕ್ಷೆ

ಯಾವುದೇ ಯಂತ್ರವನ್ನು ಬಳಕೆಗೆ ಬಿಡುವ ಮುನ್ನ ಅದರ ಬಿಡಿಭಾಗಗಳನ್ನು ಒಂದೊಂದಾಗಿ ಪರೀಕ್ಷಿಸುವುದು ತಂತ್ರಜ್ಞರ ಕ್ರಮ. ಗಣಕಯಂತ್ರದ ತಂತ್ರಾಂಶಕ್ಕೂ ಈ ನಿಯಮ ಅನ್ವಯಿಸುತ್ತದೆ. ತಂತ್ರಾಂಶದ ಒಂದು ಸಣ್ಣ ಭಾಗವನ್ನು ಪ್ರತ್ಯೇಕಿಸಿ, ಕೊಟ್ಟ ಮಾಹಿತಿಗೆ ತಕ್ಕ ಉತ್ತರ ಬರುವುದೇ ಎಂಬುದನ್ನು ಮತ್ತೊಂದು ಪ್ರೋಗ್ರಾಮಿನಿಂದಲೇ ಪರೀಕ್ಷಿಸುವುದಕ್ಕೆ ಯೂನಿಟ್ ಟೆಸ್ಟ್, ಅಂದರೆ ಘಟಕ ಪರೀಕ್ಷೆ, ಎಂದು ಹೆಸರು. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅವರು 1997ರಲ್ಲಿ ಜಾವಾ ಭಾಷೆಗಾಗಿ ರಚಿಸಿದ ‘ಜೆಯೂನಿಟ್’ ಎಂಬ ಸಾಧನದಿಂದ ಈ ಪದ್ಧತಿ ವ್ಯಾಪಕವಾಗಿ ಹರಡಿತು.

ಕೂಡಿಸುವ, ಕಳೆಯುವ ಪ್ರೋಗ್ರಾಮನ್ನು ಹೀಗೆ ಪರೀಕ್ಷಿಸುವುದು ಸುಲಭ. ಆದರೆ ಜಾಲದ ಮೂಲಕ ಬಂದ ಕೋರಿಕೆಗೆ ಉತ್ತರ ನೀಡುವ ವೆಬ್ ಸರ್ವೀಸು ಒಂಟಿಯಾಗಿ ನಿಲ್ಲುವುದು ವಿರಳ. ಅದು ಅನ್ಯರನ್ನು ಅವಲಂಬಿಸಿಯೇ ಕೆಲಸ ಮಾಡುತ್ತದೆ. ತೊಡಕು ಹುಟ್ಟುವುದು ಇಲ್ಲಿ.

ಸಮಸ್ಯೆಯ ಸ್ವರೂಪ

ವಿದ್ಯಾರ್ಥಿವೇತನವನ್ನು ಹಂಚುವ ಒಂದು ಸರ್ವೀಸನ್ನು ಕಲ್ಪಿಸಿಕೊಳ್ಳಬಹುದು. ಅದು ದತ್ತಸಂಗ್ರಹದಿಂದ ಅಂಕಗಳನ್ನು ಓದುತ್ತದೆ. ಗಡಿಯಾರ ನೋಡಿ ಅರ್ಜಿಯ ಕೊನೆಯ ದಿನಾಂಕ ಮೀರಿದೆಯೇ ಎಂದು ತಿಳಿಯುತ್ತದೆ. ಅರ್ಹರ ಖಾತೆಗೆ ಹಣ ಹಾಕುವಂತೆ ಬ್ಯಾಂಕಿಗೆ ಆದೇಶ ಕಳುಹಿಸುತ್ತದೆ. ಈ ಮೂರನ್ನೂ ಸರ್ವೀಸು ತನ್ನೊಳಗೇ ನಿರ್ಮಿಸಿಕೊಂಡರೆ ಪರೀಕ್ಷೆಯ ಗತಿಯೇನು? ಪ್ರತಿ ಪರೀಕ್ಷೆಗೂ ನಿಜವಾದ ದತ್ತಸಂಗ್ರಹ ಬೇಕು. ಇಂದು ತೇರ್ಗಡೆಯಾದ ಪರೀಕ್ಷೆ, ಕೊನೆಯ ದಿನಾಂಕ ಕಳೆದ ಮರುದಿನ ವಿಫಲವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆ ನಡೆದಾಗಲೆಲ್ಲ ಬ್ಯಾಂಕಿನಿಂದ ನಿಜವಾದ ಹಣ ಹೊರಡುವ ಅಪಾಯವಿರುತ್ತದೆ. ಇದಕ್ಕೆ ಅಂಜಿ ಪರೀಕ್ಷೆಯನ್ನೇ ಕೈಬಿಟ್ಟರೆ, ಅರ್ಹನಾದ ಬಡ ವಿದ್ಯಾರ್ಥಿಯ ಹೆಸರು ತಪ್ಪಿಹೋದದ್ದು ಆತನ ಶುಲ್ಕದ ದಿನ ಮೀರಿದ ಮೇಲೆಯೇ ತಿಳಿಯುತ್ತದೆ.

ಪರಿಹಾರ

ದಾಸೋಹದ ಅಡಿಗೆಯವನು ಅಕ್ಕಿಗಾಗಿ ಗದ್ದೆಗೆ ಹೋಗುವುದಿಲ್ಲ. ಬೇಕಾದ ದಿನಸಿಯ ಪಟ್ಟಿ ಕೊಡುತ್ತಾನೆ. ಉಗ್ರಾಣದಿಂದ ಅದು ಒದಗುತ್ತದೆ. ಆತನ ಕೈಗುಣವನ್ನು ನೋಡಬೇಕಾದರೆ ಒಂದು ಸೇರು ಅಕ್ಕಿ ಕೊಟ್ಟರೆ ಸಾಕು. ಸರ್ವೀಸಿಗೂ ಹೀಗೆಯೇ. ತನಗೆ ಬೇಕಾದ ಗಡಿಯಾರ, ದತ್ತಸಂಗ್ರಹ, ಬ್ಯಾಂಕುಗಳನ್ನು ತಾನೇ ಸೃಷ್ಟಿಸದೆ, ತಾನು ಹುಟ್ಟುವಾಗಲೇ ಕನ್‌ಸ್ಟ್ರಕ್ಟರಿನ ಮೂಲಕ ಹೊರಗಿನಿಂದ ಪಡೆಯಬೇಕು. ಈ ಕ್ರಮವನ್ನು ಮಾರ್ಟಿನ್ ಫೌಲರ್ 2004ರ ಲೇಖನವೊಂದರಲ್ಲಿ ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂದು ಹೆಸರಿಸಿ ವಿವರಿಸಿದರು. ಆಗ ಪರೀಕ್ಷಕನು ಸದಾ ಒಂದೇ ದಿನಾಂಕ ತೋರಿಸುವ ಗಡಿಯಾರವನ್ನೂ, ಆದೇಶವನ್ನು ಬರೆದಿಟ್ಟುಕೊಳ್ಳುವುದರ ಹೊರತು ಹಣ ಕಳುಹಿಸದ ಬದಲಿ ಬ್ಯಾಂಕನ್ನೂ ಕೊಡಬಹುದು. ಕೊನೆಯ ದಿನ, ಅದರ ಮರುದಿನ, ಫೆಬ್ರುವರಿ 29 ಎಲ್ಲವನ್ನೂ ಕ್ಷಣಮಾತ್ರದಲ್ಲಿ ಪರೀಕ್ಷಿಸಬಹುದು.

ಎದುರಾಗುವ ತೊಡಕುಗಳು

ಮೊದಲನೆಯದು, ವಸ್ತುವನ್ನು ಸೃಷ್ಟಿಸುವವರು ಯಾರೆಂಬ ಪ್ರಶ್ನೆ. ಮೈಕ್ರೋಸಾಫ್ಟ್ ಸಂಸ್ಥೆ 2002ರಲ್ಲಿ ಡಾಟ್ ನೆಟ್‌ನೊಡನೆ ತಂದ ಎ.ಎಸ್.ಎಂ.ಎಕ್ಸ್. ಪದ್ಧತಿಯಲ್ಲಿ ಸರ್ವೀಸಿನ ಕ್ಲಾಸನ್ನು ವ್ಯವಸ್ಥೆಯೇ ಸೃಷ್ಟಿಸುತ್ತಿತ್ತು. ಅದಕ್ಕೆ ಬರಿದಾದ ಕನ್‌ಸ್ಟ್ರಕ್ಟರೇ ಬೇಕಿತ್ತು. ಹೊರಗಿನಿಂದ ಒದಗಿಸಲು ಬಾಗಿಲೇ ಇರಲಿಲ್ಲ. ಇದಕ್ಕೆ ಉಪಾಯವೆಂದರೆ, ಆ ಕ್ಲಾಸನ್ನು ತೆಳುವಾಗಿರಿಸಿ, ನಿಜವಾದ ಲೆಕ್ಕಾಚಾರವನ್ನು ಬೇರೊಂದು ಸಾಮಾನ್ಯ ಕ್ಲಾಸಿಗೆ ವಹಿಸಿ, ಅದನ್ನು ಪರೀಕ್ಷಿಸುವುದು. 2016ರಲ್ಲಿ ಬಂದ ಎ.ಎಸ್.ಪಿ. ಡಾಟ್ ನೆಟ್ ಕೋರ್‌ನಲ್ಲಿ ಒದಗಿಸುವ ಈ ಏರ್ಪಾಡು ಅಂತರ್ಗತವಾಗಿಯೇ ಇದೆ. ಆದರೂ ಲೆಕ್ಕಾಚಾರವನ್ನು ಬೇರ್ಪಡಿಸುವ ವಿವೇಕ ಇಂದಿಗೂ ಬೇಕು.

ಎರಡನೆಯದು, ಅವಲಂಬನೆಗಳ ಅತಿಯಾದ ಸಂಖ್ಯೆ. ಒಂದು ಕ್ಲಾಸು ಹತ್ತು ವಸ್ತುಗಳನ್ನು ಕೇಳಿದರೆ ಪರೀಕ್ಷೆಯ ಸಿದ್ಧತೆಯೇ ಹೊರೆಯಾಗುತ್ತದೆ. ಆ ಕ್ಲಾಸು ಹಲವರ ಕೆಲಸವನ್ನು ಹೊತ್ತಿದೆ ಎಂಬ ಎಚ್ಚರಿಕೆ ಅದು. ಕನ್‌ಸ್ಟ್ರಕ್ಟರನ್ನು ಬಿಟ್ಟು, ಬೇಕಾದುದನ್ನು ಕ್ಲಾಸಿನೊಳಗಿನಿಂದಲೇ ಒಂದು ಸಾಮಾನ್ಯ ಭಂಡಾರದಲ್ಲಿ ಹುಡುಕಿ ಪಡೆದರೆ ಹೊರೆ ಮರೆಯಾಗುತ್ತದೆ, ಇಳಿಯುವುದಿಲ್ಲ.

ಮೂರನೆಯದು, ಜೋಡಣೆಯ ದೋಷ. ಘಟಕ ಪರೀಕ್ಷೆಯಲ್ಲಿ ವಸ್ತುಗಳನ್ನು ಕೈಯಿಂದ ಒದಗಿಸುವುದರಿಂದ, ನಿಜವಾದ ಸರ್ವೀಸಿನಲ್ಲಿ ಅವುಗಳನ್ನು ನೋಂದಾಯಿಸಲು ಮರೆತದ್ದು ಗೊತ್ತಾಗುವುದಿಲ್ಲ. ಒಂದು ಕೋರಿಕೆಯೊಡನೆ ಮುಗಿಯಬೇಕಾದ ದತ್ತಸಂಗ್ರಹದ ಸಂಪರ್ಕವನ್ನು ಸದಾಕಾಲ ಬದುಕಿರುವ ವಸ್ತುವೊಂದು ಹಿಡಿದಿಟ್ಟುಕೊಂಡರೂ ಪರೀಕ್ಷೆ ಮೌನವಾಗಿಯೇ ಇರುತ್ತದೆ.

ಬದಲಿಯ ಮಿತಿ

ಬದಲಿ ಬ್ಯಾಂಕು ಪರೀಕ್ಷಕನು ಹೇಳಿಕೊಟ್ಟಂತೆ ಮಾತ್ರ ನುಡಿಯುತ್ತದೆ. ನಿಜವಾದ ಬ್ಯಾಂಕು ಮೊತ್ತವನ್ನು ಪೈಸೆಗಳಲ್ಲಿ ಕೇಳುತ್ತಿದ್ದು, ಸರ್ವೀಸು ರೂಪಾಯಿಗಳಲ್ಲಿ ಕಳುಹಿಸಿದರೆ, ಎಲ್ಲ ಘಟಕ ಪರೀಕ್ಷೆಗಳು ತೇರ್ಗಡೆಯಾಗಿಯೂ ವಿದ್ಯಾರ್ಥಿಗೆ ನೂರರಲ್ಲೊಂದು ಪಾಲು ಮಾತ್ರ ಸಲ್ಲುತ್ತದೆ. ಇಂಥ ಭೇದದ ಪರಿಣಾಮವನ್ನು ಜಗತ್ತು ಕಂಡಿದೆ. ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹವನ್ನು ತಲುಪುವ ವೇಳೆ ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡುಗಳ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ನುಗಳೆಂದು ಭಾವಿಸಿತ್ತು. ದೋಷವಿದ್ದದ್ದು ಎರಡು ಭಾಗಗಳು ಕೂಡುವ ಸಂಧಿಯಲ್ಲಿ. ಆದುದರಿಂದ ನೂರಾರು ಘಟಕ ಪರೀಕ್ಷೆಗಳ ಜೊತೆಗೆ, ನಿಜವಾದ ಭಾಗಗಳನ್ನು ಜೋಡಿಸಿ ನಡೆಸುವ ಕೆಲವು ಪರೀಕ್ಷೆಗಳೂ ಅವಶ್ಯ. ಬ್ಯಾಂಕು ಪರೀಕ್ಷೆಗೆಂದೇ ಒದಗಿಸುವ ಪ್ರತ್ಯೇಕ ವ್ಯವಸ್ಥೆಯೊಡನೆ ಅವುಗಳನ್ನು ನಡೆಸುವುದು ಕ್ಷೇಮ.

ತನಗೆ ಬೇಕಾದುದನ್ನು ಬಹಿರಂಗವಾಗಿ ಕೇಳುವ, ತನ್ನ ಕೆಲಸವನ್ನಷ್ಟೇ ಮಾಡುವ, ಯಾವ ಹೊತ್ತಿನಲ್ಲೂ ಪರೀಕ್ಷೆಗೆ ಒಡ್ಡಿಕೊಳ್ಳುವ ತಂತ್ರಾಂಶವೇ ನಂಬಿಕೆಗೆ ಪಾತ್ರವಾದುದು. ತಂತ್ರಾಂಶ ರಚನೆಯೂ ಒಂದು ಕಾಯಕ. ಅದರ ಫಲ ಕಾಣದ ಕೈಗಳನ್ನು ತಲುಪುತ್ತದೆ. ಆ ಕೈಗಳಿಗೆ ಸಲ್ಲಬೇಕಾದುದು ಸರಿಯಾಗಿ ಸಲ್ಲುವಂತೆ ನೋಡಿಕೊಳ್ಳುವುದೇ ಪರೀಕ್ಷೆಯ ಪರಮ ಪ್ರಯೋಜನ.