ಆರನೇ ಚೌಕವನ್ನು ಮೇಲೆ ತಾ

ನಿನ್ನ ವೆಬ್‌ಸೈಟ್ ನೋಡಿದೆ ಮಾರಾಯ. ಕಂಪ್ಯೂಟರಿನಲ್ಲೂ ನೋಡಿದೆ, ಫೋನಿನಲ್ಲೂ ನೋಡಿದೆ. ಕಷ್ಟಪಟ್ಟಿದ್ದೀಯ, ಗೊತ್ತಾಗುತ್ತದೆ. ಪುಟ ತೆರೆದ ಕೂಡಲೇ ನಕ್ಷತ್ರಗಳು ಸುತ್ತುತ್ತವೆ, ಆಮೇಲೆ ಒಂದೊಂದೇ ಅಕ್ಷರ ಮೂಡಿ 'ಪ್ಯಾಷನೇಟ್ ಫುಲ್ ಸ್ಟ್ಯಾಕ್ ಡೆವಲಪರ್' ಅನ್ನುತ್ತದೆ, ಅದು ಅಳಿಸಿಹೋಗಿ 'ಕ್ರಿಯೇಟಿವ್ ಥಿಂಕರ್', ಅದೂ ಹೋಗಿ 'ಕಾಫಿ ಲವರ್'. ನಿನ್ನ ಹೆಸರು ಮಾತ್ರ ಮೂಲೆಯಲ್ಲಿ ಬೂದು ಬಣ್ಣದಲ್ಲಿ ಅಡಗಿ ಕೂತಿದೆ. ಹುಟ್ಟಿದಾಗಿನಿಂದ ನಿನ್ನನ್ನು ನೋಡಿದ ದೊಡ್ಡಪ್ಪನಿಗೇ ಇದು ನಮ್ಮ ಹುಡುಗನದ್ದು ಅಂತ ತಿಳಿಯಲು ಹೊತ್ತು ಹಿಡಿಯಿತು. ಕೆಲಸ ಕೊಡಬೇಕೋ ಬೇಡವೋ ಅಂತ ಯೋಚಿಸುತ್ತಿರುವವನು ಅಷ್ಟು ಹೊತ್ತು ಕಾಯುತ್ತಾನೆಯೇ?

ಸ್ವಲ್ಪ ಕೆಳಗೆ ಬಂದರೆ ಬಣ್ಣದ ಪಟ್ಟಿಗಳು. ಎಚ್‌ಟಿಎಂಎಲ್ 95%, ಸಿಎಸ್‌ಎಸ್ 90%, ಜಾವಾಸ್ಕ್ರಿಪ್ಟ್ 85%. ಅಳೆದವರು ಯಾರು? 1995ರಲ್ಲಿ ಜಾವಾಸ್ಕ್ರಿಪ್ಟನ್ನು ಹುಟ್ಟುಹಾಕಿದ ಬ್ರೆಂಡನ್ ಐಕ್ ಕೂಡ ತನಗೆ ಅದು ಇಷ್ಟು ಶೇಕಡಾ ಬರುತ್ತದೆ ಅಂತ ಬರೆದುಕೊಂಡದ್ದನ್ನು ನಾನು ಕಂಡಿಲ್ಲ. ಸಂದರ್ಶನ ಮಾಡುವವರಿಗೆ ಆ ಪಟ್ಟಿ ಕಂಡರೆ ಖುಷಿ. ಉಳಿದ 15% ಯಾವುದು ಅಂತ ಕೇಳುತ್ತಾರೆ. ಇವತ್ತೇ ತೆಗೆದುಹಾಕು.

ಈಗ ಮುಖ್ಯವಾದ ಮಾತು. ನೀನು ಮಾಡಿದ ಕೆಲಸಗಳನ್ನು ಚೌಕ ಚೌಕವಾಗಿ ಜೋಡಿಸಿದ್ದೀಯಲ್ಲ, ಮೊದಲ ಐದೂ ಯಾವುದೋ ವಿಡಿಯೋ ಪಾಠ ನೋಡಿ ಮಾಡಿದವು. ಹವಾಮಾನ ತೋರಿಸುವ ಆ್ಯಪ್, ಮಾಡಬೇಕಾದ ಕೆಲಸಗಳ ಪಟ್ಟಿ, ಸಿನಿಮಾ ಹುಡುಕುವ ಪುಟ. ಅವು ಎಲ್ಲರ ಹತ್ತಿರವೂ ಇವೆ. ಆರನೆಯದು 'ಕಮಾಡಿಟಿ ಪ್ರೈಸ್ ಡ್ಯಾಶ್‌ಬೋರ್ಡ್'. ಒತ್ತಿ ನೋಡಿದರೆ ನಮ್ಮ ಅಡಿಕೆ ದರದ ಪುಟ! ನನ್ನ ತಮ್ಮ ದಿನಾ ಸಂಜೆ ಜಗಲಿಯಲ್ಲಿ ಕೂತು ನೋಡುವ ಪುಟ. ಅದಕ್ಕೆ ಇಂಥ ಹೆಸರಿಟ್ಟು ಕೆಳಗೆ ತಳ್ಳುವ ಮನಸ್ಸಾದರೂ ಹೇಗೆ ಬಂತೋ.

ಆ ಪುಟವನ್ನು ನೀನು ಹೇಗೆ ಮಾಡಿದೆ ಅನ್ನುವುದೇ ನಿನ್ನ ಪರಿಚಯ. ಸರಕು, ಬೆಟ್ಟೆ, ರಾಶಿ, ಗೊರಬಲು ನಾಲ್ಕೂ ಇವೆ, ಆದರೆ ನಿನ್ನಪ್ಪ ಮಾರುವುದು ರಾಶಿ ಅಂತ ಅದನ್ನು ಮೇಲಿಟ್ಟೆ. ಅವನು ಕನ್ನಡಕ ಹಾಕಿಕೊಳ್ಳುವ ಪೈಕಿಯಲ್ಲ ಅಂತ ಅಂಕಿಗಳನ್ನು ದಪ್ಪ ಮಾಡಿದೆ. ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದಕ್ಕೆ ಸರ್ವಿಸ್ ವರ್ಕರ್ ಬರೆದು ಕೊನೆಯ ಸಲ ಸಿಕ್ಕ ದರ ಫೋನಿನಲ್ಲೇ ಉಳಿಯುವ ಹಾಗೆ ಮಾಡಿದೆ, ಅದು ಯಾವತ್ತಿನ ದರ ಅಂತ ಪಕ್ಕದಲ್ಲೇ ತಾರೀಕನ್ನೂ ಹಾಕಿದೆ. ಹಳೆಯ ದರವನ್ನು ಇವತ್ತಿನದು ಅಂದುಕೊಂಡು ಯಾರೂ ಮಂಡಿಗೆ ಮೂಟೆ ಹೊತ್ತು ಹೋಗಬಾರದಲ್ಲ. ಇಷ್ಟೆಲ್ಲ ಯೋಚಿಸಿದ ಹುಡುಗ ನೀನು. ಆದರೆ ಚೌಕದಲ್ಲಿ ಬರೆದಿರುವುದು ಏನು? 'ರಿಯಾಕ್ಟ್, ನೋಡ್, ಮಾಂಗೋ ಡಿಬಿ.' ಯಾವ ಸಲಕರಣೆ ಬಳಸಿದೆ ಅನ್ನುವುದೂ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕಿಂತ ಮೊದಲು ಯಾರಿಗಾಗಿ ಮಾಡಿದೆ, ಎಲ್ಲಿ ತೊಡಕಾಯಿತು, ಅದನ್ನು ಹೇಗೆ ಬಿಡಿಸಿದೆ ಅನ್ನುವ ನಾಲ್ಕು ಸಾಲು ಬರಲಿ. ನಿನ್ನ ಅಮ್ಮ ಓದಿದರೂ ತಿಳಿಯಬೇಕು, ಬೆಂಗಳೂರಿನ ಟೀಮ್ ಲೀಡ್ ಓದಿದರೂ ತಿಳಿಯಬೇಕು.

ಪ್ರಪಂಚದ ಮೊದಲ ವೆಬ್‌ಸೈಟನ್ನು ನೀನು ನೋಡಿದ್ದೀಯೋ ಇಲ್ಲವೋ. ಟಿಮ್ ಬರ್ನರ್ಸ್-ಲೀ ಸೆರ್ನ್ ಸಂಸ್ಥೆಯಲ್ಲಿದ್ದಾಗ ಮಾಡಿದ್ದು, 1991ರಲ್ಲಿ ಹೊರಗಿನವರಿಗೂ ತೆರೆದುಕೊಂಡದ್ದು. ಅದೂ ಒಂದು ಪರಿಚಯವೇ: ಈ ಯೋಜನೆ ಏನು, ಇದರಲ್ಲಿ ಯಾರು ಯಾರಿದ್ದಾರೆ, ನೀವು ಹೇಗೆ ನೆರವಾಗಬಹುದು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಮಾತು ಮತ್ತು ಕೊಂಡಿಗಳು. 2013ರಲ್ಲಿ ಸೆರ್ನ್ ಅದನ್ನು ಹಳೆಯ ವಿಳಾಸದಲ್ಲೇ ಮತ್ತೆ ತೆರೆದಿಟ್ಟಿತು. ನಿನ್ನ ಫೋನಿನಲ್ಲಿ ತೆರೆದು ನೋಡು, ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ನಿನ್ನ ನಕ್ಷತ್ರಗಳು ಊರಿನ ನೆಟ್‌ವರ್ಕಿನಲ್ಲಿ ಬರುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಕುಡಿದೆ.

ಕನ್ನಡದಲ್ಲೂ ಒಂದು ಪುಟ ಮಾಡಿದ್ದೀಯ, ಅದಕ್ಕೆ ಶಹಬ್ಬಾಸ್. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಂದೊಂದು ಕನ್ನಡ ಸೈಟಿಗೂ ಒಂದೊಂದು ಫಾಂಟ್ ಬೇಕಿತ್ತು. ಅದನ್ನು ಇಳಿಸಿಕೊಳ್ಳದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯುನಿಕೋಡ್ ಬಳಕೆಗೆ ಬಂದು ಆ ಗೋಳು ತಪ್ಪಿತು. ಆದರೂ ನಿನ್ನ ಪುಟದಲ್ಲಿ ಮೂರು ಕಡೆ ಕೈ ಆಡಿಸಬೇಕು. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಇಟ್ಟದ್ದೇ ಇದೆ, ಹಾಗಾಗಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿವೆ, ಶೀರ್ಷಿಕೆಯಲ್ಲಂತೂ ಅರ್ಧ ಕತ್ತರಿಸಿಹೋಗಿವೆ. ಪುಟದ ಭಾಷೆಯ ಗುರುತು ಇನ್ನೂ ಇಂಗ್ಲಿಷ್ ಅಂತಲೇ ಇದೆ, ಕಣ್ಣು ಕಾಣದವರ ಫೋನು ಅದನ್ನು ನಂಬಿ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೊರಡುತ್ತದೆ. ಆಮೇಲೆ ಆ ಚೌಕಗಳಲ್ಲಿ ವಿವರಣೆಯನ್ನು ಇಷ್ಟು ಅಕ್ಷರಕ್ಕೆ ಅಂತ ಕತ್ತರಿಸಿದ್ದೀಯ. 'ಕ್ರಿ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ನಾಲ್ಕು: ಕ, ವಿರಾಮ, ರ, ಇಕಾರದ ಗುಡಿಸು. ನಡುವೆ ಕತ್ತರಿ ಬಿದ್ದು 'ಕೃಷಿಕರಿಗಾಗಿ ಪ್ರತಿದಿನ' ಅನ್ನುವುದು 'ಕೃಷಿಕರಿಗಾಗಿ ಪ್' ಅಂತ ನಿಂತುಬಿಟ್ಟಿದೆ. ಪದ ಮುಗಿಯುವಲ್ಲಿ ಕತ್ತರಿಸು. ಇಂಥ ಸೂಕ್ಷ್ಮಗಳನ್ನು ಬಿಡಿಸಿದ್ದನ್ನೂ ಒಂದು ಬರಹವಾಗಿ ಅಲ್ಲೇ ಹಾಕು, ನೀನು ಮಾಡಿದ ಎಲ್ಲ ಹವಾಮಾನದ ಆ್ಯಪ್‌ಗಳಿಗಿಂತ ಅದಕ್ಕೆ ತೂಕ ಜಾಸ್ತಿ.

ಇಷ್ಟೆಲ್ಲ ಯಾಕೆ, ಲಿಂಕ್ಡ್‌ಇನ್ ಸಾಲದೇ ಅಂತ ನಿನ್ನ ಗೆಳೆಯ ಕೇಳಿದನಂತೆ. ಅದೂ ಇರಲಿ. ಆದರೆ ಜಿಯೋಸಿಟೀಸ್‌ನಲ್ಲಿ ಲಕ್ಷಗಟ್ಟಲೆ ಜನ ಪ್ರೀತಿಯಿಂದ ಪುಟ ಕಟ್ಟಿಕೊಂಡಿದ್ದರು, ಯಾಹೂ ಅದನ್ನು 1999ರಲ್ಲಿ ಕೊಂಡಿತು, 2009ರಲ್ಲಿ ಬಾಗಿಲು ಹಾಕಿತು. ಆರ್ಕುಟ್ 2014ರಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರಲ್ಲಿ. ನಿನ್ನ ಹೆಸರಿನದೇ ಡೊಮೇನ್ ಇದ್ದರೆ ಪುಟಗಳನ್ನು ಎತ್ತಿಕೊಂಡು ಬೇರೆ ಸರ್ವರಿಗೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ. ಒಂದು ಎಚ್ಚರ: ಡೊಮೇನ್ ಕೊಳ್ಳುವಾಗ ಕಾಲೇಜಿನ ಇಮೇಲ್ ಕೊಟ್ಟಿದ್ದೀಯ ಅಂತ ನಿನ್ನ ತಂಗಿ ಹೇಳಿದಳು. ಓದು ಮುಗಿದ ಮೇಲೆ ಆ ಇಮೇಲನ್ನು ಅವರು ಮುಚ್ಚುತ್ತಾರೆ, ನವೀಕರಣದ ನೆನಪೋಲೆ ಅಲ್ಲಿಗೇ ಹೋಗಿ ಬಿದ್ದಿರುತ್ತದೆ, ಅವಧಿ ಮುಗಿದು ಹೆಸರು ಕೈತಪ್ಪಿದರೆ ಬೇರೆಯವರು ಕೊಳ್ಳುತ್ತಾರೆ. ಈಗಲೇ ಬದಲಾಯಿಸು.

ರೆಸ್ಯೂಮೆಯ ಪಿಡಿಎಫ್ ಕೂಡ ತೆರೆದೆ. ಹುಟ್ಟಿದ ತಾರೀಕು, ಅಪ್ಪನ ಹೆಸರು, ಮನೆಯ ಪೂರ್ತಿ ವಿಳಾಸ, ಫೋನ್ ನಂಬರ್. ಜಾತಕವೊಂದು ಬಾಕಿ. ಹೆಣ್ಣು ಕೊಡುವವರಿಗೆ ಬೇಕಾದ ವಿವರ ಅದು, ಜಗತ್ತಿಗೆಲ್ಲ ತೆರೆದ ಪುಟದಲ್ಲಿ ಇಟ್ಟರೆ ಓಟಿಪಿ ಕೇಳಿ ಫೋನ್ ಮಾಡುವವರಿಗೆ ಅನುಕೂಲ. ಇಮೇಲ್ ಒಂದಿದ್ದರೆ ಸಾಕು, ಊರು ಹೇಳಬೇಕೆಂದರೆ ತೀರ್ಥಹಳ್ಳಿ ಕಡೆಯವನು ಅನ್ನು.

ಅಂದ ಹಾಗೆ, ಇದಿಷ್ಟನ್ನೂ ಮೊದಲು ನಿನ್ನ ಸೈಟಿನ ಸಂಪರ್ಕದ ಫಾರಂನಲ್ಲೇ ಬರೆದು ಕಳಿಸಿದ್ದೆ. 'ಧನ್ಯವಾದ, ಬೇಗ ಉತ್ತರಿಸುತ್ತೇನೆ' ಅಂತ ಹಸಿರು ಅಕ್ಷರದಲ್ಲಿ ಬಂತು. ನಿನಗೆ ತಲುಪೇ ಇಲ್ಲ ಅಂತ ನಿನ್ನೆ ಫೋನಿನಲ್ಲಿ ಮಾತಾಡಿದಾಗ ಗೊತ್ತಾಯಿತು. ಅದು ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ಹುಡುಕು.